ತ್ರಂಗ್ ಪಟ್ಟಣದಲ್ಲಿ ಊಟ, ತಿಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಥಾಯ್ಲೆಂಡಿನ ತ್ರಂಗ್ ಪಟ್ಟಣಕ್ಕೆ ಹೊರಟವರು, ಹೋಗಿ ಬಂದವರು, ಹೋಗಬೇಕೋ ಬೇಡವೋ ಎಂದು ತೂಗಿ ನೋಡುತ್ತಿರುವವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಹೆಚ್ಚಿನವರು “ಎಲ್ಲಿ ತಿನ್ನಬೇಕು?” ಎಂದೇ ಆರಂಭಿಸುತ್ತಾರೆ. ಈ ಊರಿನ ಮಟ್ಟಿಗೆ ಅದಕ್ಕೆ ಉತ್ತರ ಹೇಳುವ ಮೊದಲು ಗಡಿಯಾರ ನೋಡಬೇಕಾಗುತ್ತದೆ, ಏಕೆಂದರೆ ಬೆಳಗಿನ ಆರಕ್ಕೆ ಗಿಜಿಗುಡುತ್ತಿದ್ದ ಅಂಗಡಿ ಹನ್ನೊಂದಕ್ಕೆ ಬಾಗಿಲು ಎಳೆದುಕೊಂಡಿರುತ್ತದೆ.

## ಹೊರಡುವ ಮೊದಲು

ತ್ರಂಗ್ ಎಲ್ಲಿದೆ? ಬರೀ ಊಟಕ್ಕೆಂದೇ ಹೋಗುವಷ್ಟು ಅಲ್ಲಿ ಏನಿದೆ?

ತ್ರಂಗ್ ಎಂಬುದು ಅಂಡಮಾನ್ ಸಮುದ್ರದ ಕರಾವಳಿಗೆ ಸೇರಿದ ಪ್ರಾಂತ್ಯದ ಹೆಸರು, ಅದರ ಮುಖ್ಯ ಪಟ್ಟಣದ ಹೆಸರೂ ಹೌದು. ಪಟ್ಟಣ ಕಡಲಿಗೆ ಅಂಟಿಕೊಂಡಿಲ್ಲ, ಸ್ವಲ್ಪ ಒಳನಾಡಿನಲ್ಲಿದೆ. ಪ್ರವಾಸಿಗಳಲ್ಲಿ ಹೆಚ್ಚಿನವರು ರೈಲಿನಿಂದಿಳಿದು ನೇರವಾಗಿ ಬಂದರಿನ ವ್ಯಾನು ಹತ್ತಿ ಮುಕ್, ಕ್ರದಾನ್, ಲಿಬೋಂಗ್ ದ್ವೀಪಗಳಿಗೆ ಹೊರಟುಬಿಡುವುದರಿಂದ, ಊರಿನ ಅಡುಗೆ ಇಂದಿಗೂ ಊರಿನವರ ನಾಲಗೆಗೇ ಹೊಂದಿಕೊಂಡು ಉಳಿದಿದೆ.

ಇಲ್ಲಿಯ ಊಟದಲ್ಲಿ ಮೂರು ಸಮುದಾಯಗಳ ಕೈ ಕೆಲಸ ಮಾಡಿದೆ. ಮೊದಲನೆಯದು ದಕ್ಷಿಣದ ಥಾಯ್ ಜನರ ಅರಿಸಿನ, ಕರಿಮೆಣಸು, ಹಸಿಮೆಣಸುಗಳ ಖಾರದಡುಗೆ. ಎರಡನೆಯದು ಪೆನಾಂಗ್ ಮತ್ತು ಮಲಯಾ ದಾರಿಯಿಂದ ಬಂದು ನೆಲೆಸಿದ ಹೊಕ್ಕಿಯನ್, ಕ್ಯಾಂಟನೀಸ್ ಮೊದಲಾದ ಚೀನೀ ಮೂಲದವರ ಕಾಫಿ, ಹಬೆಯ ತಿಂಡಿ, ಸುಟ್ಟ ಹಂದಿಮಾಂಸ. ಮೂರನೆಯದು ಕರಾವಳಿಯ ಮುಸ್ಲಿಮರ ರೋಟಿ, ಹಳದಿ ಅನ್ನ, ಎಳೆದ ಚಹಾ. ಈ ಮೂರೂ ಕಾಲ್ನಡಿಗೆಯ ದೂರದಲ್ಲಿ ಸಿಗುವ ಊರುಗಳು ಥಾಯ್ಲೆಂಡಿನಲ್ಲಿ ಬೇರೆಯೂ ಇವೆ. ಆದರೆ ಬೆಳಗಿನ ತಿಂಡಿಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವ ಊರನ್ನು ನಾನು ಮತ್ತೊಂದು ಕಂಡಿಲ್ಲ. ದೇವಸ್ಥಾನ, ಅರಮನೆ, ವಸ್ತುಸಂಗ್ರಹಾಲಯ ಎಂದು ನೋಡುವುದಕ್ಕೆ ಹೊರಟವರಿಗೆ ಮಾತ್ರ ಇಲ್ಲಿ ಅರ್ಧ ದಿನದಲ್ಲಿ ಬೇಸರ ಬರಬಹುದು.

ಬೆಂಗಳೂರಿನಿಂದ ಹೋಗುವುದು ಹೇಗೆ? ಊಟದ ಜಾಗಗಳಿಗೆ ಹತ್ತಿರವಾಗಿ ಎಲ್ಲಿ ಉಳಿಯಬೇಕು?

ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನಗಳಿವೆ. ತ್ರಂಗ್‌ಗೆ ಒಳನಾಡಿನ ವಿಮಾನಗಳು ಹಾರುವುದು ಡಾನ್ ಮುವಾಂಗ್ ನಿಲ್ದಾಣದಿಂದ. ನೀವು ಬ್ಯಾಂಕಾಕಿನ ಇನ್ನೊಂದು ವಿಮಾನ ನಿಲ್ದಾಣವಾದ ಸುವರ್ಣಭೂಮಿಯಲ್ಲಿ ಇಳಿಯುವುದಾದರೆ ಊರಿನ ಇನ್ನೊಂದು ದಿಕ್ಕಿಗೆ ಹೋಗುವ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಕು. ನನ್ನ ಆಯ್ಕೆ ರಾತ್ರಿಯ ರೈಲು. ಬ್ಯಾಂಕಾಕಿನ ಕ್ರುಂಗ್ ಥೇಪ್ ಅಭಿವತ್ ನಿಲ್ದಾಣದಿಂದ ಸಂಜೆ ಹೊರಟು, 800 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, ತುಂಗ್ ಸೋಂಗ್ ಜಂಕ್ಷನ್ನಿನಲ್ಲಿ ಮುಖ್ಯ ಮಾರ್ಗ ಬಿಟ್ಟು ಕವಲು ಹಳಿಗೆ ಹೊರಳಿ, ಬೆಳಗಿನ ಹೊತ್ತಿಗೆ ಅದು ತ್ರಂಗ್ ತಲುಪುತ್ತದೆ. ತಡವಾಗುವುದು ಅಪರೂಪವೇನಲ್ಲ, ಆದ್ದರಿಂದ ಇಳಿದ ದಿನದ ಬೆಳಗಿನ ತಿಂಡಿಯ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಉಳಿಯುವುದಕ್ಕೆ ರೈಲು ನಿಲ್ದಾಣ ಮತ್ತು ಗಡಿಯಾರ ಗೋಪುರದ ನಡುವಿನ ಬೀದಿಗಳು, ಅಂದರೆ ಆರನೇ ರಾಮ ರಸ್ತೆ ಮತ್ತು ರಾಜದಮ್ನೋನ್ ರಸ್ತೆಯ ಆಸುಪಾಸು, ಅನುಕೂಲ. ಮಾರುಕಟ್ಟೆಯೂ ಹಳೆಯ ಕಾಫಿ ಅಂಗಡಿಗಳೂ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ದೂರಕ್ಕೆ ಊರಿನ ಗುರುತೇ ಆಗಿರುವ ಕಪ್ಪೆಮೂತಿಯ ಮೂರು ಚಕ್ರದ ತುಕ್ ತುಕ್ ಇದೆ. ಜಪಾನಿನ ಡೈಹಟ್ಸು ಮಿಜೆಟ್ ಎಂಬ ಪುಟ್ಟ ಗಾಡಿಯ ವಂಶದ್ದು.

ದಿನಕ್ಕೆ ಒಂಬತ್ತು ಸಲ ಊಟ ಮಾಡ್ತಾರಂತೆ, ನಿಜವಾ?

ತ್ರಂಗ್‌ನವರೇ ತಮ್ಮ ಬಗ್ಗೆ ನಗುತ್ತ ಹೇಳಿಕೊಳ್ಳುವ ಮಾತಿದು. ಒಬ್ಬನೇ ಮನುಷ್ಯ ಒಂಬತ್ತು ಸಲ ಕೂತು ಉಣ್ಣುವುದಿಲ್ಲವಾದರೂ ಮಾತಿಗೆ ಆಧಾರವಿದೆ, ಆ ಆಧಾರ ಇರುವುದು ರಬ್ಬರಿನಲ್ಲಿ. 1899ರ ಸುಮಾರಿಗೆ, ಆಗ ಇಲ್ಲಿಯ ಆಡಳಿತಾಧಿಕಾರಿಯಾಗಿದ್ದ ಖಾವ್ ಸಿಮ್ ಬೀ (ಪ್ರಾಯಾ ರತ್ಸದಾ ಎಂಬುದು ಅವರ ಬಿರುದು) ಮಲಯಾದ ಕಡೆಯಿಂದ ತಂದು ನೆಡಿಸಿದ ರಬ್ಬರ್ ಗಿಡವೇ ಥಾಯ್ಲೆಂಡಿನ ಮೊದಲನೆಯದು ಎಂದು ಪ್ರತೀತಿ, ಅದರ ಗುರುತಿನ ಮರವನ್ನು ಪಕ್ಕದ ಕಾಂತಂಗ್‌ನಲ್ಲಿ ತೋರಿಸುತ್ತಾರೆ. ರಬ್ಬರ್ ಟ್ಯಾಪಿಂಗ್ ಎಂದರೇನೆಂದು ಸುಳ್ಯ, ಕಡಬದ ಕಡೆಯವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಅದು ಇನ್ನೂ ಬೇಗ, ನಡುರಾತ್ರಿ ಕಳೆದ ಮೇಲೆ ಹಣೆಗೆ ದೀಪ ಕಟ್ಟಿಕೊಂಡು ತೋಟಕ್ಕೆ ಇಳಿಯುವುದರೊಂದಿಗೆ ಆರಂಭವಾಗುತ್ತದೆ. ತಂಪು ಹೊತ್ತಿನಲ್ಲಿ ಹಾಲು ಹೆಚ್ಚು ಹರಿಯುತ್ತದೆ.

ಹೀಗೆ ಊರಿನ ಒಂದು ಪಾಲು ಜನರಿಗೆ ಬೆಳಗಿನ ಐದು ಗಂಟೆಯೆಂದರೆ ಅರ್ಧ ದಿನದ ದುಡಿಮೆ ಮುಗಿದ ಹೊತ್ತು. ಅವರಿಗೆ ಬೇಕಾದದ್ದು ಕಾಫಿ ಬಿಸ್ಕತ್ತಲ್ಲ, ಹೊಟ್ಟೆ ತುಂಬುವ ಊಟ. ಆದ್ದರಿಂದಲೇ ಮಾಂಸವೂ ಹಬೆಯ ತಿಂಡಿಯೂ ಶ್ಯಾವಿಗೆಯೂ ನಸುಕಿನಲ್ಲಿಯೇ ಸಿದ್ಧವಾಗಿರುತ್ತವೆ. ಹತ್ತರ ಸುಮಾರಿಗೆ ಅಂಗಡಿಗಳು ಒಂದೊಂದಾಗಿ ಸೊರಗುತ್ತವೆ. ಹನ್ನೊಂದರಿಂದ ಒಂದೂವರೆಯವರೆಗೆ ಅನ್ನದ ಅಂಗಡಿಗಳ ಸರದಿ. ಎರಡರಿಂದ ನಾಲ್ಕರವರೆಗೆ ಊರು ತೂಕಡಿಸುತ್ತದೆ, ಆ ಹೊತ್ತಿಗೆ ಹಸಿದವರಿಗೆ ರೋಟಿಯೋ ಕರಿದ ಬಾಳೆಹಣ್ಣೋ ಮಾತ್ರ ಗತಿ. ನಾಲ್ಕೂವರೆಗೆ ಸಂಜೆಯ ಗಾಡಿಗಳು ಹೊರಬರುತ್ತವೆ, ರಾತ್ರಿ ಎಂಟರ ಮೇಲೆ ಗಂಜಿಯ ಅಂಗಡಿಗಳು. ಒಂಬತ್ತು ಊಟವೆಂದರೆ ಅಂಗಡಿಗಳ ಈ ಪಾಳಿ ಎಂದು ತಿಳಿದರೆ ಸರಿಹೋಗುತ್ತದೆ.

ದಿನಕ್ಕೆ ಊಟಕ್ಕೆ ಎಷ್ಟು ಖರ್ಚಾಗಬಹುದು? ಕಾರ್ಡ್ ನಡೆಯುತ್ತದಾ?

ಕಾಫಿಗೆ 20ರಿಂದ 30 ಬಾತ್ (ಥಾಯ್ಲೆಂಡಿನ ನಾಣ್ಯ), ಅನ್ನ ಮತ್ತು ಎರಡು ಬಗೆಯ ಸಾರು ಪಲ್ಯಕ್ಕೆ 50ರಿಂದ 70 ಬಾತ್ ಎಂದು ಅಂದಾಜು ಹಿಡಿಯಿರಿ. ಸಮುದ್ರದ ಮೀನು, ಏಡಿ ಬಯಸದಿದ್ದರೆ ದಿನಕ್ಕೆ 400 ಬಾತ್ ಒಳಗೆ ಧಾರಾಳವಾಗಿ ತಿನ್ನಬಹುದು. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ಗೋಡೆಯ ಮೇಲಿನ ಕ್ಯೂಆರ್ ಚೀಟಿ ಮುಖ್ಯವಾಗಿ ಥಾಯ್ ಬ್ಯಾಂಕ್ ಖಾತೆ ಇರುವವರಿಗೆ. ಇಪ್ಪತ್ತು, ನೂರು ಬಾತ್ ನೋಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ.

## ಬೆಳಗಿನ ಹೊತ್ತು

ಕೋಪಿ ಅಂಗಡಿ ಅಂದರೆ ನಮ್ಮ ಕಾಫಿ ಹೋಟೆಲಿನ ಹಾಗೇನಾ?

ಸ್ವಭಾವದಲ್ಲಿ ಹೌದು, ರುಚಿಯಲ್ಲಿ ಅಲ್ಲ. “ಕೋಪಿ” ಎಂಬುದು ಹೊಕ್ಕಿಯನ್ ಚೀನೀಯರ ಉಚ್ಚಾರ. ಬೀಜವನ್ನು ಕಪ್ಪಾಗುವಷ್ಟು ಹುರಿದು, ಪುಡಿಯನ್ನು ಉದ್ದನೆಯ ಬಟ್ಟೆಯ ಚೀಲಕ್ಕೆ ಹಾಕಿ, ಕುದಿನೀರನ್ನು ಹಲವು ಸಲ ಎತ್ತಿ ಸುರಿದು ಡಿಕಾಕ್ಷನ್ ಇಳಿಸುತ್ತಾರೆ. ಲೋಟದ ತಳದಲ್ಲಿ ಡಬ್ಬಿಯ ಗಟ್ಟಿ ಸಿಹಿ ಹಾಲು ಬೆಳ್ಳಗೆ ಕೂತಿರುತ್ತದೆ, ಮೇಲೆ ಕಪ್ಪು ಕಾಫಿ ನಿಂತಿರುತ್ತದೆ, ಕಲಕಿಕೊಳ್ಳುವುದು ನಿಮ್ಮ ಕೆಲಸ. ಹಸುವಿನ ಹಾಲಿನ ನೊರೆಯನ್ನು ನಿರೀಕ್ಷಿಸಿ ಹೋದವರಿಗೆ ಮೊದಲ ಗುಟುಕು ಒಗರೆನಿಸಬಹುದು. ಹಾಲು ಬೇಡವಾದರೆ “ಕೋಪಿ ಓ” ಎಂದು ಕೇಳಿ, ಸಕ್ಕರೆ ಹಾಕಿದ ಕಪ್ಪು ಕಾಫಿ ಬರುತ್ತದೆ. ಕಾಫಿ ಮುಗಿಯುತ್ತಿದ್ದಂತೆ ಬಾಯಿ ತೊಳೆದುಕೊಂಡಂತಾಗಲು ತೆಳುವಾದ ಚೀನೀ ಚಹಾ ಮೇಜಿನ ಮೇಲೆ ಇದ್ದೇ ಇರುತ್ತದೆ, ಅದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ.

ಹಿರಿಯರು ನಸುಕಿನಲ್ಲಿ ಬಂದು ತಮ್ಮದೇ ಆದ ಮೇಜಿನಲ್ಲಿ ಕೂತು, ರಬ್ಬರಿನ ಧಾರಣೆಯಿಂದ ಹಿಡಿದು ರಾಜಕೀಯದವರೆಗೆ ಎಲ್ಲವನ್ನೂ ಇತ್ಯರ್ಥ ಮಾಡುವುದು ಇಲ್ಲಿಯ ರೂಢಿ. ಎರಡು ಸಲ ಪ್ರಧಾನಿಯಾಗಿದ್ದ ಚುವಾನ್ ಲೀಕ್‌ಪಾಯ್ ಈ ಊರಿನವರೇ, ತಾಯಿ ಇಲ್ಲಿಯ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುತ್ತಿದ್ದವರು. ಆದ್ದರಿಂದ ಕಾಫಿ ಮೇಜಿನ ರಾಜಕೀಯಕ್ಕೆ ಇಲ್ಲಿ ಒಂದು ತೂಕವಿದೆ.

ಕೇಳದೇ ಇದ್ದರೂ ಮೇಜಿನ ತುಂಬ ತಟ್ಟೆ ತಂದಿಟ್ಟರು. ಎಲ್ಲದಕ್ಕೂ ದುಡ್ಡು ಕೊಡಬೇಕಾ?

ಬೇಡ. ಹಳೆಯ ಕೋಪಿ ಅಂಗಡಿಗಳಲ್ಲಿ ಹಬೆಯ ತಿಂಡಿ, ಪಾತೋಂಗ್‌ಕೋ ಎಂಬ ಕರಿದ ಹಿಟ್ಟಿನ ಜೋಡಿಕಡ್ಡಿ, ಕೇಕಿನ ತುಂಡು ಇವನ್ನೆಲ್ಲ ಚಿಕ್ಕ ತಟ್ಟೆಗಳಲ್ಲಿ ತಂದಿಡುವ ಪದ್ಧತಿ ಇದೆ. ನೀವು ಮುಟ್ಟಿದ್ದಕ್ಕೆ ಮಾತ್ರ ಲೆಕ್ಕ, ಮುಟ್ಟದ್ದು ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಒಂದು ತಟ್ಟೆಯಿಂದ ಒಂದೇ ತುಂಡು ತೆಗೆದು ರುಚಿ ನೋಡಿ ಉಳಿದದ್ದನ್ನು ಬಿಟ್ಟರೂ ಇಡೀ ತಟ್ಟೆಯ ಬೆಲೆ ಬೀಳಬಹುದು. ಇನ್ನು ಕೆಲವೆಡೆ ದೊಡ್ಡ ಹರಿವಾಣ ಹಿಡಿದು ಬರುತ್ತಾರೆ, ಬೇಕಾದುದನ್ನು ಬೆರಳು ತೋರಿಸಿ ಇಳಿಸಿಕೊಳ್ಳಬೇಕು.

ಹಬೆಯ ತಿಂಡಿಗೆ ಎಲ್ಲೆಡೆ ಡಿಮ್ ಸಮ್ ಎಂಬ ಹೆಸರಿದ್ದರೂ ತ್ರಂಗ್‌ನದ್ದನ್ನು ಬೇರೆಯಾಗಿಸುವುದು ಜೊತೆಗಿಡುವ ಕೆಂಪು ಕಿತ್ತಳೆ ಬಣ್ಣದ ಗೊಜ್ಜು. ಅದಕ್ಕೆ ಇಲ್ಲಿ “ಕೊಮ್ ಚುವಾಂಗ್” ಎನ್ನುತ್ತಾರೆ. ಸಿಹಿಯೂ ಹುಳಿಯೂ ಬೆರೆತ, ನಾಲಗೆಗೆ ಮಂದವಾಗಿ ಹತ್ತುವ ಈ ಗೊಜ್ಜನ್ನು ಅದ್ದಿಕೊಳ್ಳದೆ ತಿಂದರೆ ಊರಿನವರು ಕನಿಕರದಿಂದ ನೋಡುತ್ತಾರೆ.

ಬೆಳಗ್ಗೆ ಆರು ಗಂಟೆಗೆ ಹಂದಿಮಾಂಸ ತಿನ್ನೋದಾ? ಅದಕ್ಕೆ ಅಷ್ಟು ಹೆಸರು ಏಕೆ?

ಊರಿನ ಹೆಸರನ್ನೇ ಹೊತ್ತ “ಮೂ ಯಾಂಗ್ ಮುವಾಂಗ್ ತ್ರಂಗ್”, ಅಂದರೆ ತ್ರಂಗ್ ಊರಿನ ಸುಟ್ಟ ಹಂದಿಮಾಂಸ, ಥಾಯ್ಲೆಂಡಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದೆ. ಕ್ಯಾಂಟನೀಸ್ ಮೂಲದ ವಿದ್ಯೆ ಎನ್ನುತ್ತಾರೆ. ಇಡೀ ಹಂದಿಯನ್ನು ಸೀಳಿ, ಐದು ಮಸಾಲೆ, ಕರಿಮೆಣಸು, ಸೋಯಾ ರಸ, ಸಕ್ಕರೆ ಅಥವಾ ಜೇನನ್ನು ಒಳಗಿನಿಂದ ಸವರಿ, ಹಲವು ಗಂಟೆ ಹಾಗೆಯೇ ಬಿಟ್ಟು, ನಡುರಾತ್ರಿಯ ಹೊತ್ತಿಗೆ ಬಾವಿಯಂತಿರುವ ಆಳವಾದ ಒಲೆಯೊಳಗೆ ಇಳಿಬಿಡುತ್ತಾರೆ. ನಡುವೆ ಒಮ್ಮೆ ಮೇಲೆತ್ತಿ, ಚರ್ಮಕ್ಕೆ ಮುಳ್ಳಿನಂಥ ಸಾಧನದಿಂದ ಚುಚ್ಚಿ, ಮತ್ತೆ ಕಾವಿಗೆ ಇಳಿಸುವುದರಿಂದ ಮೇಲಿನ ಪದರ ಹಪ್ಪಳದಂತೆ ಗರಿಗರಿಯಾಗಿ, ಒಳಗಿನ ಮಾಂಸ ಮೂಳೆಯವರೆಗೂ ಸಿಹಿ ಹಿಡಿಯುತ್ತದೆ. ಬೆಳಕು ಹರಿಯುವಷ್ಟರಲ್ಲಿ ಮಾರುಕಟ್ಟೆಯ ಹಲಗೆಗೆ ಬಂದು ಕತ್ತಿಯ ಕೆಳಗೆ ತುಂಡಾಗುತ್ತದೆ.

ಬೆಳಗಿನಲ್ಲೇ ತಿನ್ನುವುದಕ್ಕೆ ಕಾರಣ ಇಷ್ಟೇ: ಚರ್ಮದ ಗರಿತನ ಕೆಲವು ಗಂಟೆ ಮಾತ್ರ ನಿಲ್ಲುತ್ತದೆ, ಊರಿನ ಸೆಕೆಗೆ ಮಧ್ಯಾಹ್ನದೊಳಗೆ ಅದು ತೊಗಲಾಗಿಬಿಡುತ್ತದೆ. ಸಂಜೆ ತಿಂದು “ಇಷ್ಟೇನಾ?” ಎಂದವರ ಪತ್ರಗಳು ನನಗೆ ಬಂದಿವೆ, ಅವರು ತಿಂದದ್ದು ಬೆಳಗಿನ ಉಳಿಕೆ. ಮದುವೆ, ಪೂರ್ವಜರ ಸಮಾಧಿಗೆ ಎಡೆ ಇಡುವ ಚೆಂಗ್ ಮೆಂಗ್ ಹಬ್ಬದ ದಿನಗಳಲ್ಲಿ ಇಡೀ ಹಂದಿಗಳಿಗೇ ಬೇಡಿಕೆ ಇರುವುದರಿಂದ ಬಿಡಿ ಮಾರಾಟ ಬೇಗ ಮುಗಿಯುತ್ತದೆ. ಕೊಳ್ಳುವಾಗ ತೂಕದ ಲೆಕ್ಕ. ಒಬ್ಬರಿಗೆ ನೂರು ಗ್ರಾಂ, ಥಾಯ್ ಮಾತಿನಲ್ಲಿ “ನುಂಗ್ ಖೀದ್”, ಸಾಕು.

## ಸಸ್ಯಾಹಾರ, ಹಲಾಲ್ ಮತ್ತು ಇತರ ನಿಯಮಗಳು

ನಾನು ಶುದ್ಧ ಸಸ್ಯಾಹಾರಿ. ಇಷ್ಟೆಲ್ಲ ಓದಿದ ಮೇಲೆ ನನಗೆ ಅಲ್ಲೇನು ಕೆಲಸ?

ಕೆಲಸವಿದೆ, ಆದರೆ ಒಂದು ಪದವನ್ನು ಕಲಿತು ಹೋಗಬೇಕು: “ಜೇ”. ಚೀನೀ ಬೌದ್ಧ ಸಂಪ್ರದಾಯದ ಈ ಆಹಾರದಲ್ಲಿ ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ, ಹಾಲೂ ಇರುವುದಿಲ್ಲ. ಹಳದಿ ಬಾವುಟ ಅಥವಾ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಥಾಯ್ ಅಕ್ಷರಗಳು ದೂರದಿಂದ 17 ಎಂಬ ಅಂಕಿಯಂತೆ ಕಾಣುತ್ತವೆ, ಅದೇ ಗುರುತು. ತ್ರಂಗ್‌ನಲ್ಲಿ ಚೀನೀ ಮೂಲದವರು ಹೆಚ್ಚಿರುವುದರಿಂದ ವರ್ಷವಿಡೀ ನಡೆಯುವ ಜೇ ಅಂಗಡಿಗಳು ಇವೆ, ಆದರೆ ಅವು ಬೆಳಗ್ಗೆ ತೆರೆದು ಮಧ್ಯಾಹ್ನ ಕಳೆಯುತ್ತಿದ್ದಂತೆ ಪಾತ್ರೆ ತೊಳೆಯುತ್ತವೆ. ಸಂಜೆಯ ಊಟಕ್ಕೆಂದು ಅಲ್ಲಿಂದಲೇ ಮಧ್ಯಾಹ್ನ ಕಟ್ಟಿಸಿಕೊಂಡು ಬರುವುದು ಜಾಣತನ. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ ಬರುವ “ವನ್ ಪ್ರಾ” ಎಂಬ ಬೌದ್ಧ ಪುಣ್ಯದಿನಗಳಲ್ಲಿ ಮಾಂಸ ಬಿಡುವವರು ಇರುವುದರಿಂದ ಆ ದಿನ ಜೇ ಅಡುಗೆ ಸಿಗುವುದು ಇನ್ನೂ ಸುಲಭ.

ಮಾಮೂಲಿ ಅಂಗಡಿಯಲ್ಲಿ “ಮಾಂಸ ಬೇಡ” ಎಂದಷ್ಟೇ ಹೇಳಿದರೆ ಮೇಲಿನಿಂದ ಮಾಂಸದ ತುಂಡುಗಳನ್ನು ಬಿಡುತ್ತಾರೆ, ಆದರೆ ಮೀನಿನ ಉಪ್ಪುರಸವಾದ ನಾಮ್ ಪ್ಲಾ, ಹುದುಗಿಸಿ ಅರೆದ ಸೀಗಡಿಯ ಮುದ್ದೆಯಾದ ಕಪಿ, ಸಿಂಪಿಯ ರಸ ಇವು ಉಳಿದುಕೊಳ್ಳುತ್ತವೆ. ದಕ್ಷಿಣದ ಸಾರಿನ ಮಸಾಲೆಗಳಲ್ಲಿ ಕಪಿ ರುಬ್ಬುವಾಗಲೇ ಸೇರಿರುತ್ತದೆ, ಆಮೇಲೆ ತೆಗೆಯುವ ಮಾತೇ ಇಲ್ಲ. “ಕಿನ್ ಜೇ” (ಜೇ ತಿನ್ನುತ್ತೇನೆ) ಎಂಬ ಎರಡು ಪದ ಉದ್ದದ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಅದು ವ್ರತವೆಂದು ಅವರಿಗೆ ಗೊತ್ತು. “ಮಂಗ್ಸವಿರತ್” ಎಂಬ ಇನ್ನೊಂದು ಪದವೂ ಇದೆ, ಅದರಲ್ಲಿ ಮೊಟ್ಟೆ ಬರಬಹುದು. ಡಿಮ್ ಸಮ್ ಅಂಗಡಿಗಳಲ್ಲಿ ನಿಮಗೆ ಸಿಗುವುದು ಬಹಳ ಕಡಿಮೆ. ಹೆಸರುಬೇಳೆಯ ಹೂರಣದ ಬನ್ನಿನಲ್ಲೂ ಕೆಲವೊಮ್ಮೆ ಹಂದಿಯ ಕೊಬ್ಬು ಸೇರಿರುತ್ತದೆಯಾದ್ದರಿಂದ ಕೇಳದೆ ತಿನ್ನಬೇಡಿ.

ಜೇ ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲವಂತೆ. ಹಾಗಾದರೆ ಜೈನರೂ ತಿನ್ನಬಹುದಲ್ಲ?

ಪೂರ್ತಿ ನಿಶ್ಚಿಂತೆಯಿಂದ ಆಗದು. ಈರುಳ್ಳಿ, ಬೆಳ್ಳುಳ್ಳಿ ಮತ್ತು ಅವುಗಳ ಬಳಗದ ಸೊಪ್ಪುಗಳು ಜೇ ನಿಯಮದಲ್ಲಿ ನಿಷಿದ್ಧ. ತಂಬಾಕೂ ಆ ಪಟ್ಟಿಯಲ್ಲಿದೆ. ಆದರೆ ನೆಲದಡಿ ಬೆಳೆಯುವ ಮೂಲಂಗಿ, ಕೆಸುವಿನ ಗಡ್ಡೆ, ಕ್ಯಾರೆಟ್, ಆಲೂಗಡ್ಡೆಗಳಿಗೆ ತಡೆಯಿಲ್ಲ, ಅಣಬೆಯಂತೂ ಧಾರಾಳ. ಬೇಯಿಸಿದ ಸೊಪ್ಪು, ತೋಫು, ಅನ್ನ ಇವನ್ನು ಬೆರಳು ತೋರಿಸಿ ಆರಿಸಿಕೊಂಡರೆ ಒಂದು ಹೊತ್ತು ಸಾಗುತ್ತದೆ. ಇನ್ನೊಂದು ಮಾತು: ಗೋಧಿಯ ಅಂಟು ಮತ್ತು ಸೋಯಾದಿಂದ ಮಾಡಿದ ಹುಸಿಮಾಂಸ ನೋಡಲು ಬಾತುಕೋಳಿಯಂತೆಯೇ, ಹಂದಿಯ ಚರ್ಮದಂತೆಯೇ ಇರುತ್ತದೆ. ನೋಡಿ ಎದ್ದು ಹೋಗಬೇಡಿ.

ಸಸ್ಯಾಹಾರದ ಹಬ್ಬ ಅಂತ ಕೇಳಿದ್ದೇನೆ. ಆಗ ಹೋದರೆ ಒಳ್ಳೆಯದಾ?

ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ, ಅಂದರೆ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ, ಈ ವ್ರತ ನಡೆಯುತ್ತದೆ. ನಮ್ಮ ನವರಾತ್ರಿಯ ಆಸುಪಾಸಿಗೇ ಬೀಳುವುದುಂಟು. ತ್ರಂಗ್‌ನಲ್ಲಿ ಇದರ ಕೇಂದ್ರ ತಾ ಕ್ಲಾಂಗ್ ರಸ್ತೆಯ ಕಿಯು ಓಂಗ್ ಇಯಾ ದೇಗುಲ. ಬೀದಿಗಳುದ್ದಕ್ಕೂ ಹಳದಿ ಬಾವುಟ ಏಳುತ್ತವೆ, ಮಾಂಸದ ಅಂಗಡಿಗಳು ಕೂಡ ಒಂಬತ್ತು ದಿನಕ್ಕೆ ಪಾತ್ರೆ ಬದಲಿಸಿ ಜೇ ಅಡುಗೆಗೆ ಹೊರಳುತ್ತವೆ. ಸಸ್ಯಾಹಾರಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಸುಟ್ಟ ಹಂದಿಮಾಂಸಕ್ಕೆಂದು ಬಂದವರಿಗೆ ಆಯ್ಕೆ ಕಡಿಮೆಯಾದೀತು. ಮೆರವಣಿಗೆಯಲ್ಲಿ ದೇವರು ಮೈಮೇಲೆ ಬಂದವರು ಕೆನ್ನೆಗೆ ಶಲಾಕೆ ಚುಚ್ಚಿಕೊಂಡು ನಡೆಯುತ್ತಾರೆ, ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ತಿಳಿದಿರಬೇಕು. ದೇಗುಲದ ಹತ್ತಿರ ಹೋಗುವಾಗ ಬಿಳಿ ಬಟ್ಟೆ ಉಡುವುದು ಮರ್ಯಾದೆ.

ನಾವು ಹಂದಿ ಮುಟ್ಟುವುದಿಲ್ಲ, ಹಲಾಲ್ ಬೇಕು. ಸಿಗುತ್ತದಾ?

ಸುಲಭವಾಗಿ ಸಿಗುತ್ತದೆ. ಅರ್ಧಚಂದ್ರ ಅಥವಾ ಅರಬ್ಬೀ ಬರಹವಿರುವ ಹಸಿರು ಹಲಗೆಗಳನ್ನು ಹುಡುಕಿ. ಬೆಳಗ್ಗೆ ಕಾವಲಿಯ ಮೇಲೆ ಬೀಸಿ ಬಡಿದ ರೋಟಿಯನ್ನು ಸಾರಿನ ಜೊತೆ ಕೊಡುತ್ತಾರೆ. ಮಧ್ಯಾಹ್ನಕ್ಕೆ ಖಾವ್ ಮೋಕ್ ಕಾಯ್, ಅಂದರೆ ಬಿರಿಯಾನಿಯ ದೂರದ ನೆಂಟನಾದ ಹಳದಿ ಅನ್ನ ಮತ್ತು ಕೋಳಿ, ಜೊತೆಗೆ ಪುದೀನ ಬೆರೆಸಿದ ಹುಳಿಸಿಹಿ ಹಸಿರು ಚಟ್ನಿ. ಇಲ್ಲಿಯ ರೋಟಿಯ ಮೂಲ ದಕ್ಷಿಣ ಭಾರತದಿಂದ ಮಲಯಾ ದಾಟಿ ಬಂದದ್ದು, ಕರಾವಳಿಯ ಪರೋಟ ತಿಂದವರಿಗೆ ಕೈಬಳಕೆ ಕಂಡೊಡನೆ ಗುರುತು ಸಿಗುತ್ತದೆ. ಹಿಟ್ಟಿಗೆ ಮೊಟ್ಟೆ, ಹಾಲು ಸೇರಿಸುವವರಿರುವುದರಿಂದ ಸಸ್ಯಾಹಾರಿಗಳು ಕೇಳಿ ಕೊಳ್ಳಬೇಕು.

## ಮಧ್ಯಾಹ್ನ ಮತ್ತು ಸಂಜೆ

ಅನ್ನದ ಅಂಗಡಿಯಲ್ಲಿ ಹದಿನೈದು ಪಾತ್ರೆ ಇಟ್ಟಿರುತ್ತಾರೆ, ಹೆಸರು ಗೊತ್ತಿಲ್ಲ. ಹೇಗೆ ಕೇಳುವುದು?

ಇಂಥ ಅಂಗಡಿಗೆ “ಖಾವ್ ಕೆಂಗ್” ಎಂದು ಹೆಸರು. ಪಾತ್ರೆಗಳ ಮುಂದೆ ನಿಂತು ಎರಡೋ ಮೂರೋ ಬಗೆಗೆ ಬೆರಳು ತೋರಿಸಿದರೆ ಅನ್ನದ ಮೇಲೆ ಹಾಕಿ ಕೊಡುತ್ತಾರೆ. ಹಳದಿ ಬಣ್ಣದ ತಿಳಿಯಾದ ಹುಳಿ ಮೀನುಸಾರು ಕೆಂಗ್ ಸೋಮ್; ಬ್ಯಾಂಕಾಕಿನವರು ಇದನ್ನೇ ಹಳದಿ ಸಾರು ಎನ್ನುತ್ತಾರೆ. ಕಪ್ಪು ಕಂದು ಬಣ್ಣದ್ದು ಕೆಂಗ್ ತಾಯ್ ಪ್ಲಾ, ಹುದುಗಿಸಿದ ಮೀನಿನ ಕರುಳಿನಿಂದ ಕುದಿಸಿದ್ದು, ಮೊದಲ ದಿನವೇ ಇದಕ್ಕೆ ಕೈ ಹಾಕಬೇಡಿ. ಒಣಗಿದಂತೆ ಪುಡಿಪುಡಿಯಾಗಿ ಕಾಣುವ ಖುವಾ ಕ್ಲಿಂಗ್ ನೋಡಲು ಸಾಧು, ಖಾರದಲ್ಲಿ ಎಲ್ಲಕ್ಕೂ ಅಣ್ಣ. ಬ್ಯಾಡಗಿಯ ಬಣ್ಣದ ಖಾರಕ್ಕೆ ಒಗ್ಗಿದ ನಾಲಗೆ ಇಲ್ಲಿಯ ಪುಟ್ಟ ಹಸಿಮೆಣಸಿನ ಮುಂದೆ ಸೋಲುತ್ತದೆ, ಇದರಲ್ಲಿ ಪ್ರತಿಷ್ಠೆಯ ಪ್ರಶ್ನೆ ಬೇಡ. ಅಡುಗೆ ಮೊದಲೇ ಆಗಿರುವುದರಿಂದ “ಖಾರ ಕಡಿಮೆ ಮಾಡಿ” ಎನ್ನುವುದಕ್ಕೆ ಅರ್ಥವಿಲ್ಲ. ಸಿಹಿ ಹಾಕಿ ಬೇಯಿಸಿದ ಹಂದಿಮಾಂಸವೋ ಮೊಟ್ಟೆಯ ಪಲ್ಯವೋ ಒಂದನ್ನು ಜೊತೆಗೆ ಹಾಕಿಸಿಕೊಂಡರೆ ನಾಲಗೆಗೆ ಆಸರೆ. ಚಮಚದಿಂದ ತಿನ್ನುವುದು, ಫೋರ್ಕಿನಿಂದ ತಳ್ಳುವುದು ಕ್ರಮ.

ಮೇಜಿನ ಮೇಲೆ ಹಸಿ ಸೊಪ್ಪಿನ ರಾಶಿಯೇ ಇತ್ತು. ಅದನ್ನು ಏನು ಮಾಡಬೇಕು?

ಅದು ಖಾರಕ್ಕೆ ಮದ್ದು, ಬೆಲೆಯಿಲ್ಲದೆ ಸಿಗುವಂಥದ್ದು. ವಿಶೇಷವಾಗಿ ಖನೋಮ್ ಚೀನ್ ಅಂಗಡಿಗಳಲ್ಲಿ, ಅಂದರೆ ಅಕ್ಕಿಯ ಶ್ಯಾವಿಗೆಯ ಮೇಲೆ ಮೀನು ಅರೆದ ತೆಂಗಿನ ಹಾಲಿನ ಸಾರು ಸುರಿದು ಕೊಡುವಲ್ಲಿ, ಈ ಸೊಪ್ಪಿನ ಹರಿವಾಣವೇ ಅಂಗಡಿಯ ಮರ್ಯಾದೆ. ನಮ್ಮ ಒತ್ತುಶ್ಯಾವಿಗೆಯನ್ನು ನೆನೆದುಕೊಳ್ಳಿ, ಆದರೆ ಹಿಟ್ಟನ್ನು ಹುದುಗಿಸಿ ಒತ್ತುವ ಅಂಗಡಿಗಳಲ್ಲಿ ಸಣ್ಣ ಹುಳಿ ಇರುತ್ತದೆ. ಸೌತೆ, ಅಲಸಂದೆ, ಮೊಳಕೆಕಾಳುಗಳ ಜೊತೆಗೆ ಗೇರುಮರದ ಕೆಂಪು ಚಿಗುರನ್ನೂ ಇಡುತ್ತಾರೆ. ಗೇರುಬೀಜಕ್ಕಾಗಿ ಮರ ಬೆಳೆಸಿದ ನಮ್ಮ ಕರಾವಳಿಯವರು ಆ ಒಗರು ಚಿಗುರನ್ನು ಹಸಿಯಾಗಿ ಮೆಲ್ಲುವ ಇಲ್ಲಿಯವರನ್ನು ಕಂಡು ಬೆರಗಾಗುವುದನ್ನು ನೋಡಿದ್ದೇನೆ.

ಹರಿವಾಣದಲ್ಲಿ ಸತೋ ಎಂಬ ಅಗಲವಾದ ಹಸಿರು ಬೀಜ ಇರಬಹುದು, ನಾತ ಮರುದಿನದವರೆಗೂ ಜೊತೆಗಿರುತ್ತದೆಯೆಂಬುದನ್ನು ಬಿಟ್ಟರೆ ತೊಂದರೆಯಿಲ್ಲ. ಲೂಕ್ ನಿಯಾಂಗ್ ಎಂಬ ಗುಂಡನೆಯ ಬೀಜದ ವಿಷಯ ಬೇರೆ. ಹಸಿಯಾಗಿ ಹೆಚ್ಚು ತಿಂದರೆ ಅದರೊಳಗಿನ ಆಮ್ಲ ಮೂತ್ರಪಿಂಡದಲ್ಲಿ ಹರಳುಗಟ್ಟಿ ತೀವ್ರ ನೋವು ಕೊಡಬಲ್ಲದು. ಒಂದೆರಡು ತುಂಡಿಗೆ ನಿಲ್ಲಿಸಿ, ಮೂತ್ರಪಿಂಡದ ಕಾಯಿಲೆ ಇರುವವರು ಮುಟ್ಟಲೇಬೇಡಿ.

ಸಂಜೆ ಏನು ಮಾಡೋದು? ಆರಕ್ಕೆಲ್ಲ ಊರು ಮಲಗಿಬಿಡುತ್ತೆ ಅಂತಾರೆ.

ಅಷ್ಟೊಂದು ಬೇಗ ಮಲಗುವುದಿಲ್ಲ. ವಾರಾಂತ್ಯದ ಸಂಜೆಗಳಲ್ಲಿ ರೈಲು ನಿಲ್ದಾಣದ ಮುಂದಿನ ಬೀದಿಯಲ್ಲಿ ತಿಂಡಿ ಗಾಡಿಗಳ ಸಂತೆ ಕೂಡುತ್ತದೆ. ಉಳಿದ ದಿನ ರಾತ್ರಿ ಮಾರುಕಟ್ಟೆಯ ಗಾಡಿಗಳಲ್ಲಿ ಕರಿದ ಕೋಳಿ, ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ, ತೆಂಗಿನ ಹಾಲಿನ ಸಿಹಿತಿಂಡಿಗಳು ಸಿಗುತ್ತವೆ. ರಾತ್ರಿಗೆ ನನ್ನ ಒಲವು ಖಾವ್ ತೋಮ್ ಅಂಗಡಿಯ ಕಡೆಗೆ: ತಿಳಿಯಾದ ಅನ್ನದ ಗಂಜಿ, ಜೊತೆಗೆ ಉಪ್ಪಿನಲ್ಲಿಟ್ಟ ಸಾಸಿವೆ ಸೊಪ್ಪು, ಉಪ್ಪುಮೊಟ್ಟೆ, ಬಾಡಿಸಿದ ನೀರುಸೊಪ್ಪು. ಇಡೀ ದಿನದ ಖಾರದ ನಂತರ ಕುಚ್ಚಲಕ್ಕಿ ಗಂಜಿಯ ಊರಿನವರಿಗೆ ಇದು ತವರಿನಂತೆ ಅನಿಸೀತು. ಪಾನೀಯಕ್ಕೆ ಹಾಕುವ, ನಡುವೆ ತೂತಿರುವ ಉರುಟು ಮಂಜುಗಡ್ಡೆ ಕಾರ್ಖಾನೆಯಲ್ಲಿ ಶುದ್ಧನೀರಿನಿಂದ ಮಾಡಿದ್ದು, ಅದಕ್ಕೆ ಹೆದರಬೇಕಿಲ್ಲ.

## ಎರಡನೆಯ ಸಲ ಹೋಗುವವರಿಗೆ

ಅಂಗಡಿಗಳ ಹೆಸರು ಏಕೆ ಹೇಳುವುದಿಲ್ಲ? ಒಳ್ಳೆಯ ಅಂಗಡಿ ಗುರುತಿಸುವುದು ಹೇಗೆ?

ಇವು ಒಂದೊಂದು ಮನೆತನ ನಡೆಸುವ ಅಂಗಡಿಗಳು. ಅಡುಗೆಯವರು ಮುದುಕರಾದರೆ, ಮಕ್ಕಳು ಬ್ಯಾಂಕಾಕಿಗೆ ಹೋದರೆ, ಹೆಸರು ಉಳಿದು ರುಚಿ ಹೋಗುತ್ತದೆ. ಹೆಸರು ಹಿಡಿದು ಹೋದ ಒಂದು ಅಂಗಡಿಯಲ್ಲಿ ತಣ್ಣಗಿನ ತಿಂಡಿ ತಿಂದು ಎದ್ದ ಮೇಲೆ ನಾನು ಪಟ್ಟಿ ಕೊಡುವುದನ್ನು ನಿಲ್ಲಿಸಿದೆ. ಬದಲಿಗೆ ಹೀಗೆ ನೋಡಿ: ಹಬೆಯ ಬುಟ್ಟಿಗಳು ಖಾಲಿಯಾಗಿ ಮತ್ತೆ ತುಂಬುತ್ತಿವೆಯೇ, ಮಾಂಸ ಕತ್ತರಿಸುವ ಹಲಗೆಯ ಮುಂದೆ ಊರಿನ ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದಾರೆಯೇ, ಹತ್ತು ಗಂಟೆಗೆ ಪಾತ್ರೆಗಳು ಬರಿದಾಗುತ್ತವೆಯೇ. ಮುಗಿದುಹೋಯಿತೆಂದು ಕೈಯಾಡಿಸುವ ಅಂಗಡಿಗೆ ಮರುದಿನ ಬೇಗ ಹೋಗಿ.

ಹಲಗೆ ಓದುವಾಗ ಒಂದು ಎಚ್ಚರಿಕೆ. ಬಹಳಷ್ಟು ಅಂಗಡಿಗಳ ಹೆಸರು “ಕೋ” (ಅಣ್ಣ) ಅಥವಾ “ಜೇ” (ಅಕ್ಕ) ಎಂದು ಆರಂಭವಾಗುತ್ತದೆ. ಅಕ್ಕನ ಈ “ಜೇ” ಬೇರೆ, ವ್ರತದ “ಜೇ” ಬೇರೆ. ಸ್ವರದ ಏರಿಳಿತದಲ್ಲಿಯೂ ಅಕ್ಷರದ ಮೇಲಿನ ಒಂದು ಚಿಕ್ಕ ಗುರುತಿನಲ್ಲಿಯೂ ಮಾತ್ರ ವ್ಯತ್ಯಾಸ. ಅಕ್ಕನ ಅಂಗಡಿಗೆ ಸಸ್ಯಾಹಾರಕ್ಕೆಂದು ನುಗ್ಗಿದವರ ಕಥೆಗಳು ಸಾಕಷ್ಟಿವೆ.

ಮೀನು, ಏಡಿಗೆ ಕಾಂತಂಗ್ ಹೋಗಬೇಕು ಅಂತಾರಲ್ಲ?

ಹೋಗಿಬನ್ನಿ, 20 ಕಿಲೋಮೀಟರಿನ ಆಸುಪಾಸಿನ ದಾರಿ. 1915ರ ಸುಮಾರಿಗೆ ಆಡಳಿತ ಕೇಂದ್ರವನ್ನು ಒಳನಾಡಿನ ತಬ್ ತಿಯಾಂಗ್‌ಗೆ, ಅಂದರೆ ಇಂದಿನ ಪಟ್ಟಣಕ್ಕೆ, ಬದಲಾಯಿಸುವ ಮೊದಲು ಪ್ರಾಂತ್ಯದ ಮುಖ್ಯ ಊರು ಈ ನದಿಬಂದರೇ ಆಗಿತ್ತು. ರೈಲು ಹಳಿ ಕೊನೆಗೊಳ್ಳುವುದೂ ಇಲ್ಲಿಯೇ, 1913ರ ಮರದ ನಿಲ್ದಾಣ ಈಗಲೂ ಚೆಂದವಾಗಿದೆ. ನದಿಯ ದಡದಲ್ಲಿ ಕುಳಿತು ಏಡಿ, ಸೀಗಡಿ, ಹಬೆಯಲ್ಲಿ ಬೇಯಿಸಿದ ಮೀನು ತಿನ್ನಬಹುದು. ತೂಕದ ಮೇಲೆ ಬೆಲೆ ನಿಗದಿಯಾಗುವುದರಿಂದ ತಕ್ಕಡಿಗೆ ಇಡುವಾಗಲೇ ಕೇಳಿಬಿಡಿ. ಪಟ್ಟಣಕ್ಕೆ ಮರಳುವ ಗಾಡಿಗಳು ಸಂಜೆಗೆ ವಿರಳವಾಗುವುದರಿಂದ ಮಧ್ಯಾಹ್ನದ ಊಟಕ್ಕೆ ಹೋಗುವುದು ಲೇಸು.

ಅಡುಗೆ ಚೆನ್ನಾಗಿದೆ ಅಂತ ಅವರ ಮಾತಿನಲ್ಲೇ ಹೇಳಬೇಕು. ಹೇಗೆ?

ಪಠ್ಯಪುಸ್ತಕದ ಥಾಯ್ ಭಾಷೆಯಲ್ಲಿ “ಅರೋಯ್”. ದಕ್ಷಿಣದವರು ಮೊದಲಕ್ಷರ ನುಂಗಿ “ರೋಯ್” ಎನ್ನುತ್ತಾರೆ, ತುಂಬಾ ರುಚಿ ಎನ್ನಲು “ರೋಯ್ ಚಂಗ್ ಹೂ”. ಹೊರಗಿನವರ ಬಾಯಲ್ಲಿ ಇದು ಬಂದರೆ ಅಡುಗೆಮನೆಯಿಂದ ಯಾರಾದರೂ ಇಣುಕಿ ನೋಡುವುದು ಖಂಡಿತ. ಮಾತಿನ ಕೊನೆಗೆ ಗಂಡಸರು “ಖ್ರಪ್”, ಹೆಂಗಸರು “ಖಾ” ಸೇರಿಸಿದರೆ ಗೌರವ.

ಯಾವ ಹಣ್ಣಿನ ಕಾಲಕ್ಕೆ ಹೋಗಲಿ?

ಜೂನ್‌ನಿಂದ ಆಗಸ್ಟ್‌ವರೆಗೆ. ಮಳೆ ಇರುತ್ತದೆ, ದ್ವೀಪಗಳಿಗೆ ದೋಣಿ ವಿರಳ, ಆದರೆ ಮ್ಯಾಂಗೊಸ್ಟೀನ್, ರಂಬುಟಾನ್, ಡುರಿಯನ್ ರಾಶಿ ಬೀಳುತ್ತವೆ. ತಪ್ಪಿಸಿಕೊಳ್ಳಬಾರದ್ದು ಚಂಪಾದಾ. ಹಲಸಿನ ಹತ್ತಿರದ ಬಳಗದ, ಮೆತ್ತಗಿನ ತೊಳೆಯ, ಪರಿಮಳ ಬಲು ಜೋರಾದ ಹಣ್ಣು. ತೊಳೆಯನ್ನು ಬೀಜ ಸಮೇತ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಮಲೆನಾಡಿನ ಹಲಸಿನ ಮುಳಕ ತಿಂದು ಬೆಳೆದವರಿಗೆ ರುಚಿಯ ದಾರಿ ಗೊತ್ತಿರುತ್ತದೆ, ಒಳಗಿನ ಬೆಂದ ಬೀಜ ಮಾತ್ರ ಹೊಸದು.

ಮನೆಗೆ ಏನು ತರಬಹುದು?

ತ್ರಂಗ್ ಕೇಕ್. ಹುವಾಯ್ ಯೋಟ್ ತಾಲ್ಲೂಕಿನ ಲಂಫೂರಾ ಎಂಬಲ್ಲಿ ಹುಟ್ಟಿದ, ನಡುವೆ ತೂತಿರುವ, ಮೇಲೆ ಕೆನೆಯ ಅಲಂಕಾರವಿಲ್ಲದ ಹಗುರ ಕೇಕ್ ಇದು. ಕಿತ್ತಳೆ, ಕಾಫಿ, ಪಾಂಡನ್ ಎಲೆ ಹೀಗೆ ಹಲವು ರುಚಿಗಳಿವೆ. ಮೊಟ್ಟೆ ಧಾರಾಳವಾಗಿರುತ್ತದೆ, ಕೊಡುವ ಮನೆ ನೋಡಿ ತನ್ನಿ. ಕೆಲವೇ ದಿನ ಉಳಿಯುವುದರಿಂದ ಹೊರಡುವ ದಿನವೇ ಕೊಂಡು, ರಟ್ಟಿನ ಪೆಟ್ಟಿಗೆಯನ್ನು ದಾರದಲ್ಲಿ ಕಟ್ಟಿಸಿ, ವಿಮಾನದಲ್ಲಾದರೆ ಕೈಯಲ್ಲೇ ಹಿಡಿದುಕೊಳ್ಳಿ. ರೈಲಿನಲ್ಲಿ ಹೋಗುವವರು ಎರಡು ಪೆಟ್ಟಿಗೆ ಕೊಳ್ಳುವುದು ಒಳ್ಳೆಯದು, ಒಂದು ಬ್ಯಾಂಕಾಕ್ ತಲುಪುವುದಿಲ್ಲ.